ಅಲ್ ಫಾಶಿರ್ ಸುದ್ದಿಯ ಹಿಂದಿನ ಇನ್ನೂರು ವರ್ಷ

2023ರ ಏಪ್ರಿಲ್‌ನಲ್ಲಿ, ವಿಧಾನಸಭೆ ಚುನಾವಣೆಯ ಕಾವಿನ ನಡುವೆಯೂ, ಸುಡಾನ್ ಎಂಬ ಹೆಸರು ಕೆಲವು ದಿನ ನಮ್ಮ ಪತ್ರಿಕೆಗಳ ಮುಖಪುಟದಲ್ಲಿತ್ತು. ಗಿಡಮೂಲಿಕೆ ಎಣ್ಣೆ, ಔಷಧಿ ಮಾರಲು ಹೋಗಿದ್ದ ಹಕ್ಕಿಪಿಕ್ಕಿ ಸಮುದಾಯದ 31 ಮಂದಿ ಅಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯವರು. ಊಟಕ್ಕೂ ನೀರಿಗೂ ಪರದಾಡುತ್ತಿದ್ದಾರೆ, ಹೊರಗೆ ಕಾಲಿಟ್ಟರೆ ಗುಂಡು ಹಾರುತ್ತಿದೆ ಎಂಬ ಸುದ್ದಿ ಬರುತ್ತಿತ್ತು. ಅವರನ್ನು ಕರೆತರುವ ವಿಚಾರಕ್ಕೆ ಟ್ವಿಟರ್‌ನಲ್ಲಿ ನಾಯಕರ ನಡುವೆ ವಾಗ್ವಾದವೂ ಆಯಿತು. ಕೊನೆಗೆ 'ಆಪರೇಷನ್ ಕಾವೇರಿ' ಮೂಲಕ, ಪೋರ್ಟ್ ಸುಡಾನ್ ಮತ್ತು ಜೆಡ್ಡಾ ದಾರಿಯಾಗಿ, ಸಾವಿರಾರು ಭಾರತೀಯರ ಜೊತೆ ಅವರೂ ಮನೆ ಸೇರಿದರು. ಅಲ್ಲಿಗೆ ಸುಡಾನ್ ನಮ್ಮ ಪತ್ರಿಕೆಗಳಿಂದ ಮರೆಯಾಯಿತು.

ಅವರಲ್ಲಿ ಹಲವರು ಇದ್ದ ಊರು ಅಲ್ ಫಾಶಿರ್. ಸುಡಾನಿನ ಪಶ್ಚಿಮದ ಡಾರ್ಫುರ್ ಸೀಮೆಯಲ್ಲಿ, ಉತ್ತರ ಡಾರ್ಫುರ್ ರಾಜ್ಯದ ರಾಜಧಾನಿ. 2025ರ ಅಕ್ಟೋಬರ್ 26ರಂದು ಆ ಊರು ಬಿತ್ತು. ಐನೂರಕ್ಕೂ ಹೆಚ್ಚು ದಿನ ಮುತ್ತಿಗೆ ಹಾಕಿದ್ದ ರ್‍ಯಾಪಿಡ್ ಸಪೋರ್ಟ್ ಫೋರ್ಸಸ್ ಎಂಬ ಅರೆಸೇನಾಪಡೆ, ಅಂದರೆ ಆರ್‌ಎಸ್‌ಎಫ್, ಒಳಗೆ ನುಗ್ಗಿತು. ಅದಕ್ಕೆ ಮೊದಲೇ ಯಾರೂ ತಪ್ಪಿಸಿಕೊಂಡು ಹೋಗದಂತೆ, ಒಂದು ಮೂಟೆ ಧಾನ್ಯವೂ ಒಳಗೆ ಬರದಂತೆ ಊರ ಸುತ್ತ ಮಣ್ಣಿನ ದಿಬ್ಬ ಏರಿಸಿದ್ದರು. ಅಂಗಡಿಗಳು ಬರಿದಾದ ಮೇಲೆ ಒಳಗಿನ ಜನ ತಿಂದದ್ದು 'ಅಂಬಾಜ್'. ಎಣ್ಣೆ ತೆಗೆದ ಮೇಲೆ ಗಾಣದಲ್ಲಿ ಉಳಿಯುವ ಶೇಂಗಾ ಹಿಂಡಿ ಅದು. ನಮ್ಮಲ್ಲಿ ಎಮ್ಮೆ ದನಗಳಿಗೆ ನೆನೆಹಾಕಿ ಇಡುವಂಥದ್ದು. ಕೊನೆಕೊನೆಗೆ ಅದಕ್ಕೂ ತತ್ವಾರವಾಯಿತು. ಊರು ಬಿದ್ದ ಮೇಲೆ ಅಲ್ಲಿನ ಹೆರಿಗೆ ಆಸ್ಪತ್ರೆಯಲ್ಲಿ ರೋಗಿಗಳು, ಜೊತೆಗಿದ್ದವರು ಸೇರಿ 460ಕ್ಕೂ ಹೆಚ್ಚು ಜನರನ್ನು ಕೊಂದ ವರದಿ ವಿಶ್ವ ಆರೋಗ್ಯ ಸಂಸ್ಥೆಗೆ ಬಂತು. ಕೊಂದವರೇ ಮೊಬೈಲಿನಲ್ಲಿ ಚಿತ್ರೀಕರಿಸಿ ಹರಿಬಿಟ್ಟರು.

ಇಂಥ ಸುದ್ದಿ ನಮ್ಮನ್ನು ಮುಟ್ಟುವಾಗ ಎರಡು ವಿವರಣೆ ಹೊತ್ತು ಬರುತ್ತದೆ. ಒಂದು, ಸೇನಾ ಮುಖ್ಯಸ್ಥ ಅಬ್ದೆಲ್ ಫತ್ತಾಹ್ ಅಲ್ ಬುರ್ಹಾನ್ ಮತ್ತು ಆರ್‌ಎಸ್‌ಎಫ್ ಮುಖ್ಯಸ್ಥ ಮೊಹಮ್ಮದ್ ಹಮ್ದಾನ್ ದಗಾಲೊ (ಹಮೇದ್ತಿ ಎಂದೇ ಹೆಸರುವಾಸಿ) ಇವರಿಬ್ಬರ ಕುರ್ಚಿ ಜಗಳ. ಇನ್ನೊಂದು, ಅರಬರಿಗೂ ಆಫ್ರಿಕನ್ ಬುಡಕಟ್ಟುಗಳಿಗೂ ಕಾಲಾಂತರದಿಂದ ಇರುವ ದ್ವೇಷ. ಮೊದಲನೆಯದರಲ್ಲಿ ಅರ್ಧ ನಿಜ ಇದೆ. ಎರಡನೆಯದನ್ನು ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. 'ಅವರು ಮೊದಲಿನಿಂದಲೂ ಹಾಗೇ' ಅಂದುಬಿಟ್ಟರೆ ಮುಂದೆ ಯಾರನ್ನೂ ಏನನ್ನೂ ಕೇಳುವ ಕೆಲಸವೇ ಉಳಿಯುವುದಿಲ್ಲ. ಬಂದೂಕು ಕೊಟ್ಟವರಾರು, ಸಂಬಳ ಕೊಟ್ಟವರಾರು, ಅಲ್ಲಿನ ಚಿನ್ನ, ಎಣ್ಣೆ ಕೊಂಡವರಾರು ಎಂದು ಕೇಳಬೇಕಾದರೆ ಹಿಂದಿನದು ಗೊತ್ತಿರಬೇಕು. ಸುಡಾನಿನ ರಾಜಕೀಯ ಇತಿಹಾಸ ಓದುತ್ತ ಹೋದಂತೆ ನನಗೆ ಗಟ್ಟಿಯಾದ ಮಾತು ಇದು: ರಾಜಧಾನಿ ಖಾರ್ಟೂಮಿನಲ್ಲಿ ಕೂತ ಸರ್ಕಾರಗಳು ಒಂದಾದ ಮೇಲೊಂದರಂತೆ ದೂರದ ಸೀಮೆಗಳನ್ನು ಆಳಿದ್ದು ಅಲ್ಲಿನವರ ಕೈಗೇ ಬಂದೂಕು ಕೊಟ್ಟು, ಅವರ ನೆರೆಯವರ ಮೇಲೇ ಬಿಟ್ಟು. ಈ ಯುದ್ಧ ಶುರುವಾದ 2023ರ ಏಪ್ರಿಲ್ 15ರಂದು ಆ ಬಂದೂಕು ಖಾರ್ಟೂಮಿಗೇ ತಿರುಗಿತು.

ಈ ಕಥೆ ಎಲ್ಲಿಂದ ಶುರು ಮಾಡಬೇಕು? ನಾನಾದರೆ 1820ರಿಂದ ಶುರು ಮಾಡುತ್ತೇನೆ. ಈಜಿಪ್ಟ್ ಆಳುತ್ತಿದ್ದ ಮುಹಮ್ಮದ್ ಅಲಿ ಆ ವರ್ಷ ನೈಲ್ ನದಿಗುಂಟ ದಕ್ಷಿಣಕ್ಕೆ ದಂಡು ಕಳಿಸಿದ. ಅವನಿಗೆ ಬೇಕಿದ್ದದ್ದು ಚಿನ್ನ ಮತ್ತು ಆಳುಗಳು. ಹಿಡಿದು ತಂದ ಗುಲಾಮರನ್ನು ಸೈನಿಕರನ್ನಾಗಿ ಮಾಡುವುದು, ಅದೇ ಸೈನಿಕರಿಂದ ಇನ್ನಷ್ಟು ಜನರನ್ನು ಹಿಡಿಸುವುದು. ಖಾರ್ಟೂಮ್ ನಗರ ಬೆಳೆದದ್ದೇ ಈ ದಂಡಿನ ಶಿಬಿರವಾಗಿ. ಅಲ್ಲಿಂದ ಐವತ್ತು ವರ್ಷ ಮುಂದೆ ಬಂದರೆ ಜುಬೈರ್ ರಹ್ಮಾ ಮನ್ಸೂರ್ ಎಂಬ ವ್ಯಾಪಾರಿ ಸಿಗುತ್ತಾನೆ. ದಂತ, ಗುಲಾಮರ ವ್ಯಾಪಾರದಿಂದ ದುಡ್ಡು ಮಾಡಿ ದಕ್ಷಿಣದ ಬಹ್ರ್ ಅಲ್ ಗಜಾಲ್ ಸೀಮೆಯಲ್ಲಿ ಸ್ವಂತ ಸೈನ್ಯ ಕಟ್ಟಿದವನು. ಅವನನ್ನು ಅಡಗಿಸಲು ಸರ್ಕಾರ ಕಳಿಸಿದ ಪಡೆಯನ್ನು ಅವನೇ ಸೋಲಿಸಿದ. ಸರ್ಕಾರ ಆಗ ಮಾಡಿದ್ದೇನು? ಅವನನ್ನೇ ಆ ಸೀಮೆಯ ಗವರ್ನರ್ ಮಾಡಿತು. 1874ರಲ್ಲಿ ಅವನು ತನ್ನ ಖಾಸಗಿ ಸೈನ್ಯದೊಂದಿಗೆ ಡಾರ್ಫುರ್‌ಗೆ ನುಗ್ಗಿ, ಎರಡು ಶತಮಾನಕ್ಕೂ ಹೆಚ್ಚು ಕಾಲ ಸ್ವತಂತ್ರವಾಗಿದ್ದ ಫುರ್ ಸುಲ್ತಾನರ ರಾಜ್ಯವನ್ನು ಮುರಿದ; ಸುಲ್ತಾನ ಇಬ್ರಾಹಿಂ ಯುದ್ಧದಲ್ಲಿ ಸತ್ತ. ಗೆದ್ದ ನೆಲ ಸರ್ಕಾರಕ್ಕೆ ಸೇರಿತು. ತನ್ನ ಪಾಲು ಕೇಳಲು ಕೈರೋಗೆ ಹೋದ ಜುಬೈರ್‌ನನ್ನು ಅಲ್ಲೇ ಹಿಡಿದಿಟ್ಟರು.

ಇದನ್ನು ಓದಿದವರಿಗೆ ಹಮೇದ್ತಿ ಎಲ್ಲಿಂದಲೋ ಉದುರಿಬಿದ್ದವನಂತೆ ಕಾಣಲಾರ.

ಬ್ರಿಟಿಷರ ಕಾಲವನ್ನು ಇಲ್ಲಿ ಬೇಗ ದಾಟುತ್ತೇನೆ. ಮಹ್ದಿ ಎಂದು ಘೋಷಿಸಿಕೊಂಡ ಧಾರ್ಮಿಕ ನಾಯಕನ ದಂಗೆ, 1885ರಲ್ಲಿ ಖಾರ್ಟೂಮಿನಲ್ಲಿ ಜನರಲ್ ಗಾರ್ಡನ್‌ನ ಸಾವು, 1898ರ ಸೆಪ್ಟೆಂಬರ್ 2ರ ಬೆಳಗ್ಗೆ ಒಮ್ದುರ್ಮನ್‌ನಲ್ಲಿ ಬ್ರಿಟಿಷ್ ಸೇನಾಪತಿ ಕಿಚ್ಚನರ್‌ನ ಮೆಷಿನ್‌ಗನ್‌ಗಳ ಎದುರು ಸುಮಾರು ಹತ್ತು ಸಾವಿರ ಸುಡಾನಿಯರು ಸತ್ತದ್ದು, ಇವೆಲ್ಲ ಹೇಗೂ ಹೆಚ್ಚು ಬರೆಯಲ್ಪಟ್ಟ ಸಂಗತಿಗಳು. ಈಗಿನ ಯುದ್ಧಕ್ಕೆ ಹತ್ತಿರದ್ದು ಅದರ ನಂತರದ ಲೆಕ್ಕಾಚಾರ. ಬ್ರಿಟಿಷರು ದುಡ್ಡು ಹಾಕಿದ್ದು ನೈಲ್ ನದಿಯ ಆಸುಪಾಸಿನಲ್ಲಿ. ಸೆನ್ನಾರ್ ಅಣೆಕಟ್ಟು ಕಟ್ಟಿ 1925ರಲ್ಲಿ ಗೆಜಿರಾ ಬಯಲಿಗೆ ನೀರು ಹರಿಸಿದರು, ಲ್ಯಾಂಕಾಶೈರ್ ಗಿರಣಿಗಳಿಗೆ ಹತ್ತಿ ಬೆಳೆಸಿದರು. ಡಾರ್ಫುರ್ ಅವರ ಕೈಗೆ ಬಂದದ್ದು 1916ರಲ್ಲಿ, 1898ರ ನಂತರ ಆ ರಾಜ್ಯವನ್ನು ಮತ್ತೆ ಕಟ್ಟಿಕೊಂಡಿದ್ದ ಕೊನೆಯ ಸುಲ್ತಾನ ಅಲಿ ದಿನಾರ್‌ನನ್ನು ಕೊಂದ ಮೇಲೆ. ಆ ದಂಡಯಾತ್ರೆಗೆ ವಿಮಾನಗಳನ್ನೂ ಬಳಸಿದ್ದರು. ಯುದ್ಧವಿಮಾನ ತಂದವರು ಶಾಲೆ ತರಲಿಲ್ಲ. 1930ರ ದಶಕದಲ್ಲಿ ಇಡೀ ಡಾರ್ಫುರ್‌ನ ಶಾಲೆಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದಿತ್ತು. ದಕ್ಷಿಣವನ್ನಂತೂ (2011ರಲ್ಲಿ ದಕ್ಷಿಣ ಸುಡಾನ್ ಎಂಬ ಬೇರೆ ದೇಶವಾದ ಸೀಮೆ) ಹೊರಗಿನವರು ಕಾಲಿಡದಂತೆ ಬೇಲಿ ಹಾಕಿ ಇಟ್ಟಿದ್ದರು.

1953ರಲ್ಲಿ ಸುಡಾನಿನ ಮೊದಲ ಸಂಸತ್ ಚುನಾವಣೆ ನಡೆಯಿತು. ಅದನ್ನು ನಡೆಸಿಕೊಟ್ಟ ಆಯೋಗದ ಅಧ್ಯಕ್ಷರು ನಮ್ಮ ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್. ಅಪಾರ ಭರವಸೆಯ ಕಾಲ. ಮರುವರ್ಷವೇ ಬ್ರಿಟಿಷ್ ಅಧಿಕಾರಿಗಳು ತೆರವು ಮಾಡಿದ ಸುಮಾರು 800 ಹುದ್ದೆಗಳು ಸುಡಾನಿಯರಿಗೆ ಹಂಚಿಕೆಯಾದವು. ದಕ್ಷಿಣದವರಿಗೆ ಸಿಕ್ಕಿದ್ದು ಆರು. 1955ರ ಆಗಸ್ಟ್‌ನಲ್ಲಿ ತೊರಿತ್ ಎಂಬಲ್ಲಿ ದಕ್ಷಿಣದ ಸೈನಿಕರು ದಂಗೆ ಎದ್ದರು. 1956ರ ಜನವರಿ 1ರಂದು ಸ್ವಾತಂತ್ರ್ಯ ಬಂದಾಗ ಅಂತರ್ಯುದ್ಧದ ಕಿಡಿ ಆಗಲೇ ಹೊತ್ತಿಕೊಂಡಿತ್ತು.

ಇಲ್ಲಿ ಸ್ವಲ್ಪ ನಿಂತು ಹೇಳಲೇಬೇಕಾದ ಪ್ರಸಂಗವೊಂದಿದೆ. 2000ದ ಮೇ ತಿಂಗಳ ಒಂದು ಶುಕ್ರವಾರ, ಪ್ರಾರ್ಥನೆ ಮುಗಿಸಿ ಖಾರ್ಟೂಮಿನ ಮಸೀದಿಗಳಿಂದ ಹೊರಬಂದವರ ಕೈಗೆ ಜೆರಾಕ್ಸ್ ಪ್ರತಿಗಳು ಬಂದವು. ಬರೆದವರ ಹೆಸರಿಲ್ಲ, ಅಚ್ಚು ಹಾಕಿದವರ ವಿಳಾಸವಿಲ್ಲ. 'ಕಪ್ಪು ಪುಸ್ತಕ' ಎಂದು ಶೀರ್ಷಿಕೆ. ಒಳಗೆ ಭಾಷಣ ಕಡಿಮೆ, ಕೋಷ್ಟಕಗಳು ಹೆಚ್ಚು. ಸ್ವಾತಂತ್ರ್ಯ ಬಂದಾಗಿನಿಂದ ಪ್ರಧಾನಿ ಯಾರು, ಸಚಿವರು ಯಾರು, ಪ್ರಾಂತ್ಯಗಳ ಗವರ್ನರ್‌ಗಳು ಯಾರು, ಪ್ರತಿಯೊಬ್ಬರೂ ಯಾವ ಸೀಮೆಯವರು, ಯಾವ ಕುಲದವರು? ಜನಸಂಖ್ಯೆಯಲ್ಲಿ ಶೇ 5ರ ಆಸುಪಾಸಿನ ಉತ್ತರದ ನದೀತೀರದವರು, ಅದರಲ್ಲೂ ಶಾಯ್ಗಿಯಾ, ಜಾಲಿಯಿನ್, ದನಾಗ್ಲಾ ಎಂಬ ಮೂರು ಸಮುದಾಯದವರು, ಅಧಿಕಾರದ ದೊಡ್ಡ ಪಾಲನ್ನು ಹಿಡಿದಿದ್ದರು. ಸೇನಾಡಳಿತ ಇರಲಿ, ಚುನಾಯಿತ ಸರ್ಕಾರ ಇರಲಿ, ಎಡ, ಬಲ, ಧರ್ಮದ ಹೆಸರು ಯಾವುದೇ ಇರಲಿ, ಪಟ್ಟಿ ಹೆಚ್ಚುಕಮ್ಮಿ ಅದೇ. ಎಲ್ಲರಿಗೂ ಒಳಗೊಳಗೆ ಗೊತ್ತಿದ್ದ ಸಂಗತಿ, ಅಂಕಿ ಸಮೇತ ಬೀದಿಗೆ ಬಂದಿತ್ತು. ಪ್ರತಿಯಿಂದ ಪ್ರತಿ ಮಾಡಿಸಿಕೊಂಡು ಜನ ದೇಶದ ಉದ್ದಗಲಕ್ಕೂ ಹಂಚಿದರು.

ಇತಿಹಾಸ ಓದಿ ಏನುಪಯೋಗ ಎನ್ನುವವರಿಗೆ ನಾನು ತೋರಿಸಬಯಸುವುದು ಈ ಜೆರಾಕ್ಸ್ ಹಾಳೆಗಳನ್ನು. ಡಾರ್ಫುರ್‌ನ ಯುವಕರು ತಮ್ಮ ಊರಿಗೆ ಯಾಕೆ ರಸ್ತೆಯಿಲ್ಲ, ಆಸ್ಪತ್ರೆಯಿಲ್ಲ ಎಂದು ಅರಿಯಲು ಕೂತು ಮಾಡಿದ್ದು ನಲವತ್ನಾಲ್ಕು ವರ್ಷದ ರಾಜಕೀಯ ಚರಿತ್ರೆಯ ಲೆಕ್ಕ. ಅದರ ಹಿಂದಿದ್ದವರು ಮುಂದೆ ಜೆಇಎಂ (ಜಸ್ಟಿಸ್ ಅಂಡ್ ಈಕ್ವಾಲಿಟಿ ಮೂವ್‌ಮೆಂಟ್) ಎಂಬ ಸಶಸ್ತ್ರ ಸಂಘಟನೆ ಕಟ್ಟಿದರು. ಅಷ್ಟು ಶ್ರದ್ಧೆಯಿಂದ ಲೆಕ್ಕ ಬರೆದವರಿಗೆ ಉತ್ತರ ಕೊಡುವವರು ಯಾರೂ ಇರಲಿಲ್ಲ ಎಂಬುದು ನನ್ನನ್ನು ಈಗಲೂ ಕಾಡುತ್ತದೆ.

ಇದರ ಜೊತೆಗೇ ನೆಲದ ಪ್ರಶ್ನೆಯನ್ನೂ ಹೇಳಬೇಕು. ಡಾರ್ಫುರ್‌ನಲ್ಲಿ ಸುಲ್ತಾನರ ಕಾಲದ ಸನ್ನದುಗಳಂತೆ ಭೂಮಿ ಹಂಚಿಕೆಯಾಗಿತ್ತು. ಉತ್ತರದ ಒಂಟೆ ಸಾಕುವ ಅರಬ್ ಅಲೆಮಾರಿಗಳಿಗೆ ತಮ್ಮದೆನ್ನುವ ಸೀಮೆ ಇರಲಿಲ್ಲ. ಮಳೆ ಬೆಳೆ ಸರಿಯಿದ್ದಷ್ಟು ಕಾಲ ಅದು ದೊಡ್ಡ ತೊಡಕಾಗಲಿಲ್ಲ. ರೈತನ ಕಟಾವು ಮುಗಿದ ಹೊಲದಲ್ಲಿ ಮಂದೆ ಮೇಯುತ್ತಿತ್ತು, ಜಗಳವಾದರೆ ಹಿರಿಯರು ಕೂತು ತೀರ್ಮಾನ ಮಾಡುತ್ತಿದ್ದರು, ಹೆಣ್ಣು ಕೊಟ್ಟು ತರುವುದೂ ಇತ್ತು. ಎರಡೂ ಕಡೆಯವರು ಮುಸ್ಲಿಮರೇ, ಇಬ್ಬರ ಮೈಬಣ್ಣವೂ ಕಪ್ಪೇ. 1984-85ರ ಭೀಕರ ಬರ ಮಂದೆಗಳನ್ನೂ ಹೊಲಗಳನ್ನೂ ಒಟ್ಟಿಗೆ ನುಂಗಿತು. ಅಲೆಮಾರಿಗಳು ದಕ್ಷಿಣಕ್ಕೆ ಇಳಿದರು, ರೈತರು ಬೇಲಿ ಹಾಕಿದರು. ಸರ್ಕಾರ ಅಲ್ಲಿ ನ್ಯಾಯ ಹೇಳಬೇಕಿತ್ತು. ಅದು ಒಂದು ಕಡೆಯವರಿಗೆ ಬಂದೂಕು ಕೊಟ್ಟಿತು. ಇವತ್ತು ಆರ್‌ಎಸ್‌ಎಫ್‌ಗೆ ಸೇರುವ ಹುಡುಗರಲ್ಲಿ ಬಹಳಷ್ಟು ಮಂದಿ ಮಂದೆ ಕಳೆದುಕೊಂಡ ಆ ಮನೆಗಳ ಮಕ್ಕಳು, ಮೊಮ್ಮಕ್ಕಳು. ಇದನ್ನು ಹೇಳಿದರೆ ಅವರು ಮಾಡಿದ ಕೊಲೆಗಳ ಭಾರ ಇಳಿಯುವುದಿಲ್ಲ. ಆದರೆ ಅವರನ್ನು ಹಾಗೆ ಬಳಸಿಕೊಂಡವರ ಹೆಸರು ಕಣ್ಣಿಗೆ ಬೀಳುತ್ತದೆ.

ದಕ್ಷಿಣದಲ್ಲೂ ಇದೇ ತಂತ್ರ ನಡೆದಿತ್ತು. 1980ರ ದಶಕದಲ್ಲಿ ಮುರಾಹಲಿನ್ ಎಂಬ ಕುದುರೆ ಸವಾರರ ತಂಡಗಳಿಗೆ ಆಯುಧ ಕೊಟ್ಟು ಡಿಂಕಾ, ನುಯೆರ್ ಸಮುದಾಯಗಳ ಹಳ್ಳಿಗಳ ಮೇಲೆ ಬಿಟ್ಟರು. ಲೂಟಿಯೇ ಸಂಬಳ. 1990ರ ದಶಕದ ಕೊನೆಗೆ ಎಣ್ಣೆ ಬಾವಿಗಳ ಸುತ್ತಲಿನ ಹಳ್ಳಿಗಳನ್ನು ಸೇನೆ ಮತ್ತು ಇಂಥ ಪಡೆಗಳು ಸೇರಿ ತೆರವು ಮಾಡಿಸಿದವು. ಗುಡಿಸಲು ಸುಟ್ಟರು, ಜನರನ್ನು ಅಟ್ಟಿದರು. ಆ ಬಾವಿಗಳಲ್ಲಿ ಪಾಲು ಹೊಂದಿದ್ದ ಕೆನಡಾದ ಟ್ಯಾಲಿಸ್ಮನ್ ಕಂಪನಿಯ ಮೇಲೆ ಮಾನವ ಹಕ್ಕು ಸಂಘಟನೆಗಳು ಒತ್ತಡ ತಂದವು. ಕಂಪನಿ ತನ್ನ ಶೇ 25ರ ಪಾಲನ್ನು ಮಾರಿತು. 2003ರಲ್ಲಿ ಅದನ್ನು ಕೊಂಡದ್ದು ನಮ್ಮ ಸರ್ಕಾರಿ ಸ್ವಾಮ್ಯದ ಒಎನ್‌ಜಿಸಿ ವಿದೇಶ್. ಅದೇ ಮೇ ತಿಂಗಳಲ್ಲಿ 'ನೈಲ್ ಬ್ಲೆಂಡ್' ಕಚ್ಚಾ ತೈಲದ ಮೊದಲ ಹಡಗು ಮಂಗಳೂರಿಗೆ ಬಂತು, ಎಂಆರ್‌ಪಿಎಲ್ ಸಂಸ್ಕರಣಾಗಾರಕ್ಕೆ. ದೇಶದ ಇಂಧನ ಭದ್ರತೆಯ ದೊಡ್ಡ ಹೆಜ್ಜೆ ಎಂದು ಆಗ ಸಂಭ್ರಮಿಸಿದೆವು. ಆ ದೃಷ್ಟಿಯಿಂದ ಅದು ತಪ್ಪು ಮಾತಲ್ಲ. ಆ ಎಣ್ಣೆ ತೆಗೆದ ನೆಲದಲ್ಲಿ ಮೊದಲು ಯಾರಿದ್ದರು ಎಂದು ಕೇಳಿದವರು ಮಾತ್ರ ನಮ್ಮಲ್ಲಿ ಕಾಣಲಿಲ್ಲ. ಸುಡಾನ್ ನಮಗೆ ಸಂಬಂಧವಿಲ್ಲದ ದೂರದ ದೇಶ ಎಂದು ಕರಾವಳಿಯಲ್ಲಿ ನಿಂತು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ.

ಆ ಹಡಗು ಬರುವ ಕೆಲವೇ ವಾರ ಮೊದಲು, 2003ರ ಏಪ್ರಿಲ್ 25ರಂದು, ಡಾರ್ಫುರ್‌ನ ಬಂಡುಕೋರರು ಅಲ್ ಫಾಶಿರ್ ವಿಮಾನ ನಿಲ್ದಾಣದ ಮೇಲೆ ದಾಳಿ ಮಾಡಿ ಸೇನೆಯ ವಿಮಾನಗಳನ್ನು ಸುಟ್ಟರು. ಅಧ್ಯಕ್ಷ ಒಮರ್ ಅಲ್ ಬಶೀರ್ ಕೈಗೆತ್ತಿಕೊಂಡದ್ದು ಹಳೆಯ ಉಪಾಯವನ್ನೇ. ಸೈನ್ಯದಲ್ಲಿ ಡಾರ್ಫುರ್‌ನವರೇ ಬಹಳ ಇದ್ದರು, ಅವರನ್ನು ನಂಬುವ ಹಾಗಿರಲಿಲ್ಲ. ಹಾಗಾಗಿ ಅಲೆಮಾರಿ ಅರಬರಿಂದ ಕಟ್ಟಿದ ಜಂಜಾವೀದ್ ಎಂಬ ಪಡೆಗಳು ಬಂದವು. ಆ ಯುದ್ಧದಲ್ಲಿ ಸುಮಾರು ಮೂರು ಲಕ್ಷ ಜನ ಸತ್ತರೆಂಬುದು ವಿಶ್ವಸಂಸ್ಥೆಯ ಅಂದಾಜು. ಒಂಟೆ ವ್ಯಾಪಾರ ಮಾಡಿಕೊಂಡಿದ್ದ ಹಮೇದ್ತಿ ನಾಯಕನಾಗಿ ಬೆಳೆದದ್ದು ಅಲ್ಲೇ. 2013ರಲ್ಲಿ ಈ ಪಡೆಗಳಿಗೆ ಆರ್‌ಎಸ್‌ಎಫ್ ಎಂಬ ಹೊಸ ಹೆಸರು ಸಿಕ್ಕಿತು. 2017ರಲ್ಲಿ ಕಾನೂನಿನ ಮಾನ್ಯತೆ. ಅದೇ ವರ್ಷ ಜಬಲ್ ಆಮಿರ್‌ನ ಚಿನ್ನದ ಗಣಿಗಳು ಹಮೇದ್ತಿಯ ವಶಕ್ಕೆ ಬಂದವು. ಯೆಮೆನ್ ಯುದ್ಧಕ್ಕೆ ಹುಡುಗರನ್ನು ಕಳಿಸಿ ಕೊಲ್ಲಿ ದೇಶಗಳ ದುಡ್ಡೂ ಬಂತು. ಸುಡಾನಿನ ಚಿನ್ನದ ಬಹುಪಾಲು ಹೋಗುವುದು ಯುಎಇಗೆ. ಆರ್‌ಎಸ್‌ಎಫ್‌ಗೆ ಶಸ್ತ್ರ ಪೂರೈಸುತ್ತಿಲ್ಲ ಎಂದು ಯುಎಇ ಹೇಳುತ್ತಲೇ ಇದೆ. ಆ ಆರೋಪ ನಂಬಲರ್ಹ ಎಂದು ವಿಶ್ವಸಂಸ್ಥೆಯ ತಜ್ಞರ ತಂಡ 2024ರ ಆರಂಭದಲ್ಲೇ ಹೇಳಿದೆ. ಚಿನ್ನ ಮತ್ತು ಆಳುಗಳು, 1820ರಲ್ಲಿ ಮುಹಮ್ಮದ್ ಅಲಿ ಕೇಳಿದ್ದೂ ಇವೆರಡನ್ನೇ.

ಎಂಥ ಅಂತರ ನೋಡಿ: 2003-04ರ ಅಪರಾಧಗಳಿಗಾಗಿ ಅಲಿ ಕುಶೈಬ್ ಎಂಬ ಜಂಜಾವೀದ್ ನಾಯಕ ತಪ್ಪಿತಸ್ಥ ಎಂದು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ತೀರ್ಪು ಕೊಟ್ಟದ್ದು 2025ರ ಅಕ್ಟೋಬರ್ 6ರಂದು. ಇಪ್ಪತ್ತು ದಿನ ಕಳೆದು ಅದೇ ಪಡೆಯ ವಾರಸುದಾರರು ಅಲ್ ಫಾಶಿರ್ ಹೊಕ್ಕರು.

ಇಷ್ಟೇ ಆಗಿದ್ದರೆ ಇದು ಎದೆ ಒಡೆಯುವ ಕಥೆಯಾಗಿ ಮುಗಿಯುತ್ತಿತ್ತು. ಸುಡಾನಿಗೆ ಇನ್ನೊಂದು ಇತಿಹಾಸವೂ ಇದೆ, ನಮಗೆ ಅದು ಇನ್ನೂ ಕಡಿಮೆ ಗೊತ್ತು. ಮೂರು ಸಲ ಆ ಜನ ಬರಿಗೈಯಲ್ಲಿ ಸೇನಾಡಳಿತವನ್ನು ಕೆಳಗಿಳಿಸಿದ್ದಾರೆ. 1964ರ ಅಕ್ಟೋಬರ್‌ನಲ್ಲಿ ಖಾರ್ಟೂಮ್ ವಿಶ್ವವಿದ್ಯಾಲಯದಲ್ಲಿ ದಕ್ಷಿಣದ ಯುದ್ಧದ ಬಗ್ಗೆ ಚರ್ಚೆ ಇಟ್ಟುಕೊಂಡ ವಿದ್ಯಾರ್ಥಿಗಳ ಮೇಲೆ ಪೊಲೀಸರು ಗುಂಡು ಹಾರಿಸಿ ಅಹ್ಮದ್ ಅಲ್ ಕುರಾಶಿ ಎಂಬ ಹುಡುಗನನ್ನು ಕೊಂದರು. ಕೆಲವೇ ದಿನಗಳಲ್ಲಿ ಮುಷ್ಕರ ಹಬ್ಬಿ ಜನರಲ್ ಅಬ್ಬೂದ್ ಆಡಳಿತ ಕುಸಿಯಿತು. 1985ರ ಏಪ್ರಿಲ್ 6ರಂದು ವೈದ್ಯರು, ವಕೀಲರು, ರೈಲ್ವೆಯವರ ಮುಷ್ಕರದ ಒತ್ತಡಕ್ಕೆ ಸೇನಾಡಳಿತಗಾರ ನಿಮೇರಿ ಅಧಿಕಾರ ಕಳೆದುಕೊಂಡ. ಮೂರನೆಯದು 2019.

ಅದು ಶುರುವಾದದ್ದರಲ್ಲಿ ಅತ್ಬರಾ ಊರಿನ ಪಾತ್ರ ದೊಡ್ಡದು. ಕಿಚ್ಚನರ್ ತನ್ನ ದಂಡಿಗಾಗಿ ಹಾಕಿಸಿದ ರೈಲು ಹಾದಿಯ ಮೇಲೆ ಬೆಳೆದ ಊರು ಅದು. ಪರದೇಶದ ಸೈನ್ಯ ಬರಲೆಂದು ಹಾಕಿದ ಹಳಿಯ ಪಕ್ಕದ ವರ್ಕ್‌ಶಾಪುಗಳಲ್ಲೇ 1940ರ ದಶಕದಲ್ಲಿ ಸುಡಾನಿನ ಕಾರ್ಮಿಕ ಚಳವಳಿ ಹುಟ್ಟಿತು. 2018ರ ಡಿಸೆಂಬರ್ 19ರಂದು ಬ್ರೆಡ್ ಬೆಲೆ ಮೂರು ಪಟ್ಟಾದಾಗ ಅತ್ಬರಾದ ಜನ ಬೀದಿಗಿಳಿದರು, ಬಶೀರ್ ಪಕ್ಷದ ಕಚೇರಿಗೆ ಬೆಂಕಿ ಹಚ್ಚಿದರು. ಖಾರ್ಟೂಮಿನ ಸೇನಾ ಕೇಂದ್ರ ಕಚೇರಿ ಎದುರು ಧರಣಿ ಕೂರಲು ಸಂಘಟಕರು ಆರಿಸಿಕೊಂಡ ದಿನ ಏಪ್ರಿಲ್ 6. 1985ರ ನೆನಪಿಗೆಂದೇ. ಐದು ದಿನಕ್ಕೆ ಬಶೀರ್ ಹೋದ. ಆದರೂ ಜನ ಎದ್ದು ಹೋಗಲಿಲ್ಲ, ಏಕೆಂದರೆ ಹಿಂದಿನ ಎರಡೂ ಸಲ ಗೆದ್ದು ಮನೆಗೆ ಹೋದ ಮೇಲೆ ಸೈನ್ಯ ತಿರುಗಿ ಬಂದದ್ದು ಅವರಿಗೆ ಗೊತ್ತಿತ್ತು. ಏಪ್ರಿಲ್ 23ರಂದು ಅತ್ಬರಾದಿಂದ ಒಂದು ರೈಲು ಬಂತು. ಡಬ್ಬಿಗಳ ಒಳಗೆ, ಬಾಗಿಲಲ್ಲಿ, ಮೇಲ್ಛಾವಣಿಯ ಮೇಲೆಲ್ಲ ಬಾವುಟ ಹಿಡಿದ ಜನ. ಆ ವಿಡಿಯೊ ಈಗಲೂ ಸಿಗುತ್ತದೆ, ಆಸಕ್ತರು ನೋಡಬೇಕು. ರೈಲು ತೆವಳುತ್ತ ಬರುವಾಗ ಹಳಿಯ ಎರಡೂ ಬದಿ ನಿಂತವರ ಕೂಗು ಕೇಳಿದರೆ ಮೈ ಜುಂ ಅನ್ನುತ್ತದೆ. ಜೂನ್ 3ರ ಮುಂಜಾನೆ ಆ ಧರಣಿಯ ಮೇಲೆ ಆರ್‌ಎಸ್‌ಎಫ್ ಸೇರಿದಂತೆ ಭದ್ರತಾ ಪಡೆಗಳು ಎರಗಿ ನೂರಕ್ಕೂ ಹೆಚ್ಚು ಜನರನ್ನು ಕೊಂದವು. 2021ರ ಅಕ್ಟೋಬರ್‌ನಲ್ಲಿ ಬುರ್ಹಾನ್ ಮತ್ತು ಹಮೇದ್ತಿ ಒಟ್ಟಾಗಿಯೇ ನಾಗರಿಕ ಸರ್ಕಾರವನ್ನು ಕಿತ್ತುಹಾಕಿದರು. ಒಂದೂವರೆ ವರ್ಷದ ಬಳಿಕ, ಆರ್‌ಎಸ್‌ಎಫ್ ಅನ್ನು ಸೇನೆಗೆ ಸೇರಿಸಲು ಎರಡು ವರ್ಷವೋ ಹತ್ತು ವರ್ಷವೋ ಎಂಬ ತಕರಾರಿನಲ್ಲಿ ಅವರಿಬ್ಬರ ದಾರಿ ಬೇರೆಯಾಯಿತು.

ಆ ಧರಣಿಯನ್ನು ನಡೆಸಿದ ಬೀದಿ ಬೀದಿಯ ಪ್ರತಿರೋಧ ಸಮಿತಿಗಳು ಯುದ್ಧ ಶುರುವಾದ ಮೇಲೆ ಸಾಯಲಿಲ್ಲ. ಅವುಗಳ ಬೇರಿನಿಂದಲೇ 'ತುರ್ತು ಸ್ಪಂದನಾ ಕೊಠಡಿ'ಗಳು ಚಿಗುರಿದವು. ಅಂತರರಾಷ್ಟ್ರೀಯ ಸಂಸ್ಥೆಗಳು ಊರು ಬಿಟ್ಟು ಹೋದಾಗ ಇಪ್ಪತ್ತು ಇಪ್ಪತ್ತೈದರ ಹುಡುಗ ಹುಡುಗಿಯರು ಕಟ್ಟಿಗೆ ಒಲೆಯ ಮೇಲೆ ದೊಡ್ಡ ಹಂಡೆ ಇಟ್ಟು ಬೇಳೆ, ಜೋಳದ ಅಂಬಲಿ ಬೇಯಿಸಿ ಬೀದಿಯವರಿಗೆ ಬಡಿಸಿದರು. ಎರಡೂ ಕಡೆಯ ಸೈನಿಕರು ಅವರನ್ನು ಹಿಡಿದು ಹಿಂಸಿಸಿದರು, ಕೊಂದರು. ಊರವರು ಸೇರಿ ಒಬ್ಬರ ಕೆಲಸಕ್ಕೆ ಎಲ್ಲರೂ ಕೈ ಹಾಕುವ 'ನಫೀರ್' ಎಂಬ ಹಳೆಯ ರೂಢಿ ಅಲ್ಲಿದೆ, ನಮ್ಮ ಮುಯ್ಯಾಳಿನ ಹಾಗೆ. ಅದೇ ಈಗ ದೇಶವನ್ನು ಉಣಿಸುತ್ತಿದೆ. 2025ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದಾಗ ನಮ್ಮ ಪತ್ರಿಕೆಗಳಲ್ಲಿ ನಾಲ್ಕು ಸಾಲಾದರೂ ಬರಬೇಕಿತ್ತು ಅನ್ನಿಸಿತು ನನಗೆ. ಹಿಂಸೆಯ ಸುದ್ದಿಯಷ್ಟೇ ಓದಿದರೆ ಸುಡಾನಿಯರು ಕೊಲ್ಲುವವರು ಇಲ್ಲವೇ ಸಾಯುವವರಾಗಿ ಕಾಣುತ್ತಾರೆ. ಅವರು ಅರವತ್ತು ವರ್ಷದಿಂದ ಪ್ರಜಾಪ್ರಭುತ್ವಕ್ಕಾಗಿ ಬಡಿದಾಡುತ್ತಿರುವವರು.

ಸಂಧಾನದ ಸುದ್ದಿಗಳು ಈಗ ಬಂದು ಹೋಗುತ್ತಿವೆ. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕ, ಸೌದಿ ಅರೇಬಿಯಾ, ಈಜಿಪ್ಟ್, ಯುಎಇ ಸೇರಿ ಒಂದು ಯೋಜನೆ ಮುಂದಿಟ್ಟವು: ಮೂರು ತಿಂಗಳ ಕದನವಿರಾಮ, ಆಮೇಲೆ ಒಂಬತ್ತು ತಿಂಗಳಲ್ಲಿ ನಾಗರಿಕ ಆಡಳಿತದ ಕಡೆಗೆ ಹೆಜ್ಜೆ. ಇಂಥದ್ದನ್ನು ಓದುವಾಗ ನಾನು ದಕ್ಷಿಣದ ಯುದ್ಧ ನಿಲ್ಲಿಸಲು ಆದ 1972ರ ಆಡಿಸ್ ಅಬಾಬಾ, 2005ರ ನೈವಾಶಾ ಒಪ್ಪಂದಗಳನ್ನು, ಡಾರ್ಫುರ್ ಮುಂತಾದ ಕಡೆಯ ಬಂಡುಕೋರರೊಂದಿಗಿನ 2020ರ ಜುಬಾ ಒಪ್ಪಂದವನ್ನು ಪಕ್ಕದಲ್ಲಿಟ್ಟು ನೋಡುತ್ತೇನೆ. ಬಂದೂಕು ಇದ್ದವರ ನಡುವಿನ ಹಂಚಿಕೆಗಳು ಅವು. ಜುಬಾದಲ್ಲಿ ಸರ್ಕಾರದ ಪರ ಮಾತುಕತೆಯ ಮುಂದಾಳತ್ವ ವಹಿಸಿದ್ದು ಹಮೇದ್ತಿಯೇ. ಆ ಒಪ್ಪಂದದ ಫಲವಾಗಿ ಜೆಇಎಂ ನಾಯಕ ಜಿಬ್ರೀಲ್ ಇಬ್ರಾಹಿಂ ದೇಶದ ಹಣಕಾಸು ಸಚಿವರಾದರು. ಡಾರ್ಫುರ್‌ನ ಹಳ್ಳಿಗಳಿಗೆ, ಅಲ್ ಫಾಶಿರ್ ಪಕ್ಕದ ಜಂಜಂ ನಿರಾಶ್ರಿತರ ಶಿಬಿರಕ್ಕೆ, ಆ ಸಚಿವ ಸ್ಥಾನದಿಂದ ಆದದ್ದು ಅಷ್ಟಕ್ಕಷ್ಟೇ. 2024ರಲ್ಲಿ ಅಲ್ಲಿ ಕ್ಷಾಮ ಘೋಷಣೆಯಾಯಿತು, ಮರುವರ್ಷ ಏಪ್ರಿಲ್‌ನಲ್ಲಿ ಆರ್‌ಎಸ್‌ಎಫ್ ಆ ಶಿಬಿರವನ್ನೇ ವಶಪಡಿಸಿಕೊಂಡಿತು.

ಹಾಗಾಗಿ ಮುಂದಿನ ಒಪ್ಪಂದಕ್ಕೆ ಸಹಿ ಬಿದ್ದ ದಿನ, ಕೈ ಕುಲುಕುವ ಜನರಲ್‌ಗಳ ಫೋಟೊ ಬಿಟ್ಟು ನಾನು ಹುಡುಕುವುದು ಮೂರು ಸಂಗತಿ. ಹಮೇದ್ತಿಯ ಹುಡುಗರ ಸಂಬಳ ಇನ್ನು ಮುಂದೆ ಯಾರ ಖಜಾನೆಯಿಂದ? ಗಣಿಯಿಂದ ಹೊರಟ ಚಿನ್ನದ ಲೆಕ್ಕ ಇಡುವವರು ಯಾರು? ಮತ್ತು ಹಂಡೆಯ ಮುಂದೆ ಕೂತು ಊರಿಗೆ ಊಟ ಹಾಕಿದ ಹುಡುಗ ಹುಡುಗಿಯರಲ್ಲಿ ಒಬ್ಬರನ್ನಾದರೂ ಆ ಮೇಜಿಗೆ ಕರೆದಿದ್ದಾರೆಯೇ?